ತುಕ್ಕಿನ ತೂಕ

1998ರಲ್ಲಿ ನಾನು ಭದ್ರಾವತಿಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ವಿಜ್ಞಾನ ಶಿಕ್ಷಕಿಯಾಗಿದ್ದೆ. ಕೆಲಸಕ್ಕೆ ಸೇರಿ ಹನ್ನೊಂದು ವರ್ಷವಾಗಿತ್ತು. ಆಗ ಏಳನೇ ತರಗತಿಗೆ ಪಬ್ಲಿಕ್ ಪರೀಕ್ಷೆ ಇತ್ತು. ಮಕ್ಕಳು ಬರೆದ ಉತ್ತರ ಪತ್ರಿಕೆಗಳನ್ನು ಅವರವರ ಶಾಲೆಯವರೇ ತಿದ್ದುವಂತಿರಲಿಲ್ಲ. ಎಲ್ಲವನ್ನೂ ಬಂಡಲ್ ಕಟ್ಟಿ ಒಂದು ಕಡೆ ತಂದು ಹಾಕಿ, ಬೇರೆ ಬೇರೆ ಊರಿನ ಶಿಕ್ಷಕರನ್ನು ಕರೆಸಿ, ಆರು ದಿನ ಕೂರಿಸಿ ತಿದ್ದಿಸುತ್ತಿದ್ದರು. ವ್ಯಾಲ್ಯುಯೇಷನ್ ಕ್ಯಾಂಪ್ ಎನ್ನುತ್ತಿದ್ದೆವು. ಆ ವರ್ಷ ಏಪ್ರಿಲ್‌ನಲ್ಲಿ ಶಿವಮೊಗ್ಗದ ಒಂದು ಹೈಸ್ಕೂಲಿನಲ್ಲಿ ನಡೆದ ಕ್ಯಾಂಪಿಗೆ ನನಗೂ ಆರ್ಡರ್ ಬಂತು.

ಬೆಳಿಗ್ಗೆ ಎಂಟೂವರೆಯ ಬಸ್ಸು ಹಿಡಿದರೆ ಹತ್ತಕ್ಕೆ ಮುಂಚೆ ಹಾಲ್‌ನಲ್ಲಿರಬಹುದಿತ್ತು. ವಿಜ್ಞಾನಕ್ಕೆ ನಾವು ಮೂವತ್ತು ಜನ. ಉದ್ದನೆಯ ಬೆಂಚುಗಳು, ಕೆಂಪು ಇಂಕಿನ ಪೆನ್ನುಗಳು, ಮೇಲೆ ಸದ್ದು ಮಾಡಿಕೊಂಡು ನಿಧಾನಕ್ಕೆ ತಿರುಗುವ ಫ್ಯಾನು. ಪ್ರತಿಯೊಬ್ಬರ ಮುಂದೆಯೂ ಎರಡು ಹಾಳೆಯ ಕೀ ಇರುತ್ತಿತ್ತು. ಯಾವ ಪ್ರಶ್ನೆಗೆ ಯಾವುದು ಸರಿಯುತ್ತರ, ಅದಕ್ಕೆಷ್ಟು ಅಂಕ ಎಂದು ಮೊದಲೇ ಗೊತ್ತುಮಾಡಿ ಟೈಪ್ ಮಾಡಿಸಿದ ಹಾಳೆ ಅದು. ಕೀಯಲ್ಲಿ ಇದ್ದುದಕ್ಕೆ ಅಂಕ, ಇಲ್ಲದಿದ್ದುದಕ್ಕೆ ಸೊನ್ನೆ. ಮೂವತ್ತು ಜನ ಮೂವತ್ತು ಥರ ಅಂಕ ಕೊಟ್ಟರೆ ಮಕ್ಕಳಿಗೆ ಅನ್ಯಾಯವಾಗುತ್ತದೆಂದು ಈ ವ್ಯವಸ್ಥೆ.

ನಮ್ಮ ವಿಭಾಗದ ಮುಖ್ಯ ಮೌಲ್ಯಮಾಪಕರು ಚನ್ನಬಸಪ್ಪ ಮೇಷ್ಟ್ರು. ಹೆಡ್ಮಾಸ್ಟರಾಗಿದ್ದರು, ನಿವೃತ್ತಿಗೆ ಒಂದು ವರ್ಷ ಬಾಕಿ ಇತ್ತು. ಆ ಕೀ ತಯಾರಿಸಿದವರೂ ಅವರೇ. ನನಗೆ ಅವರು ಬರೀ ಮೇಲಿನವರಲ್ಲ. 1975ರಲ್ಲಿ ಭದ್ರಾವತಿಯಲ್ಲಿ ನಾನು ಏಳನೇ ತರಗತಿಯಲ್ಲಿದ್ದಾಗ ನನಗೆ ವಿಜ್ಞಾನ ಕಲಿಸಿದವರು. ಮೆಗ್ನೀಷಿಯಂ ಪಟ್ಟಿ ಉರಿಸುವಾಗ "ಜ್ವಾಲೆ ನೋಡಬೇಡಿ, ಕಣ್ಣು ಹಾಳಾಗುತ್ತೆ. ಗೋಡೆ ಮೇಲೆ ಬೀಳೋ ಬೆಳಕು ನೋಡಿ" ಎಂದು ನಮ್ಮೆಲ್ಲರನ್ನೂ ಗೋಡೆಯ ಕಡೆ ತಿರುಗಿಸಿ ನಿಲ್ಲಿಸಿದ್ದರು. ಗೋಡೆ ಸುಣ್ಣಕ್ಕಿಂತ ಬೆಳ್ಳಗೆ ಹೊಳೆದದ್ದು ನೋಡಿದ ದಿನವೇ ನಾನು ಟೀಚರಾಗಬೇಕೆಂದುಕೊಂಡದ್ದು.

ಮೊದಲನೆಯ ದಿನ ಮಧ್ಯಾಹ್ನದ ಹೊತ್ತಿಗೇ ಆ ಪತ್ರಿಕೆ ನನ್ನ ಕೈಗೆ ಬಂತು.

ಹೆಸರಿಲ್ಲ, ಶಾಲೆಯಿಲ್ಲ, ಮೇಲೆ ರಿಜಿಸ್ಟರ್ ನಂಬರ್ ಮಾತ್ರ. ಅಕ್ಷರ ದಪ್ಪ ದಪ್ಪ, ಒತ್ತಿ ಬರೆದು ಹಾಳೆಯ ಹಿಂಬದಿಯಲ್ಲಿ ಉಬ್ಬು ಎದ್ದಿತ್ತು. ಓದಿನಲ್ಲಿ ಅಷ್ಟಕ್ಕಷ್ಟೇ ಎನ್ನುವುದು ಮೊದಲ ಪುಟದಲ್ಲೇ ತಿಳಿಯುತ್ತಿತ್ತು. ಜೀರ್ಣಾಂಗದ ಚಿತ್ರ ಅರ್ಧಕ್ಕೇ ನಿಂತಿತ್ತು. ಹದಿನೇಳನೇ ಪ್ರಶ್ನೆ ಬಿಟ್ಟ ಸ್ಥಳ ತುಂಬುವುದು, ಒಂದು ಅಂಕ. "ಕಬ್ಬಿಣಕ್ಕೆ ತುಕ್ಕು ಹಿಡಿದಾಗ ಅದರ ತೂಕ ______ ಆಗುತ್ತದೆ." ಕೀಯಲ್ಲಿ ಉತ್ತರ: ಕಡಿಮೆ.

ಈ ಮಗು "ಜಾಸ್ತಿ" ಎಂದು ಬರೆದಿತ್ತು. ನಾನು ಅಡ್ಡಗೆರೆ ಎಳೆಯಲು ಪೆನ್ನು ಊರಿದೆ. ಆಗ ಕೆಳಗೆ, ಎರಡು ಗೆರೆಗಳ ನಡುವೆ ತುರುಕಿ ಬರೆದದ್ದು ಕಾಣಿಸಿತು: "ಪುಡಿ ಉದುರಿ ಹೋದರೆ ಕಡಿಮೆ. ಪುಡಿ ಸೇರಿಸಿದರೆ ಜಾಸ್ತಿ. ನಾನು ತೂಗಿದ್ದೇನೆ."

ಬಿಟ್ಟ ಸ್ಥಳ ತುಂಬಿ ಎಂದರೆ ಮಕ್ಕಳು ಒಂದು ಪದ ಬರೆದು ಮುಂದೆ ಹೋಗುತ್ತಾರೆ. ಇಲ್ಲಿ ಒಂದು ಮಗು ಪರೀಕ್ಷೆ ನಡೆಯುತ್ತಿರುವಾಗ, ತಾನು ಬರೆದದ್ದನ್ನು ಯಾರೂ ನಂಬಲಿಕ್ಕಿಲ್ಲ ಎಂದು ಮೊದಲೇ ಊಹಿಸಿ, ಸಾಕ್ಷಿ ಹೇಳಿತ್ತು. ಪೆನ್ನು ಎತ್ತಿಕೊಂಡೆ. ಉಳಿದ ಪ್ರಶ್ನೆಗಳನ್ನು ತಿದ್ದಿ ಕೂಡಿಸಿದೆ. ಮೂವತ್ತನಾಲ್ಕು. ಪಾಸಾಗಲು ಮೂವತ್ತೈದು ಬೇಕು.

ನನ್ನ ಪಕ್ಕ ಕೂರುತ್ತಿದ್ದವರು ಪರಿಮಳ, ಶಿವಮೊಗ್ಗದ ಇನ್ನೊಂದು ಶಾಲೆಯವರು, ಒಳ್ಳೆಯ ಮನಸ್ಸಿನ ಹೆಂಗಸು. ಪತ್ರಿಕೆ ಇಣುಕಿ ನೋಡಿದರು.

"ಅದಕ್ಯಾಕೆ ಅಷ್ಟು ಯೋಚ್ನೆ ಮಾಡ್ತೀಯ ಮಾರಾಯ್ತಿ? ಜೀರ್ಣಾಂಗದ ಚಿತ್ರಕ್ಕೆ ಒಂದು ಕೊಟ್ಟಿದ್ದೀಯಲ್ಲ, ಎರಡು ಮಾಡು. ಮಗು ಪಾಸ್ ಆಗುತ್ತೆ, ಪುಣ್ಯ ಬರುತ್ತೆ."

ಒಂದೆರಡು ಅಂಕಕ್ಕೆ ಯಾರನ್ನೂ ನಪಾಸು ಮಾಡಬಾರದೆಂದು ನಾವೆಲ್ಲ ಅಲ್ಲಿ ಇಲ್ಲಿ ಕೈ ಸಡಿಲ ಬಿಡುತ್ತಿದ್ದುದು ನಿಜ. ನಾನೂ ಹಾಗೆ ಮಾಡಿದ್ದೇನೆ. ಆದರೆ ಈ ಸಲ ಕೈ ಬರಲಿಲ್ಲ. ಅರ್ಧ ಚಿತ್ರಕ್ಕೆ ಅಂಕ ಕೊಟ್ಟರೆ ಅದು ದಯೆ. ಹದಿನೇಳಕ್ಕೆ ಕೊಟ್ಟರೆ, ಮಗು ಬರೆದದ್ದು ಸರಿಯಾಗಿದ್ದರೆ, ಅದು ಅದರ ಹಕ್ಕು. ಸರಿಯೋ ತಪ್ಪೋ ನನಗೇ ಗೊತ್ತಿರಲಿಲ್ಲ ಎನ್ನುವುದು ಆ ಕ್ಷಣಕ್ಕೆ ಹೊಳೆಯಿತು. ಹನ್ನೊಂದು ವರ್ಷದಿಂದ ನನ್ನ ತರಗತಿಯಲ್ಲಿ ಶಾಲೆಯ ಹಳೆಯ ಗೇಟು ತೋರಿಸಿ "ತುಕ್ಕು ಕಬ್ಬಿಣವನ್ನ ತಿಂದು ಹಾಕುತ್ತೆ, ತೂಕ ಇಳಿಯುತ್ತೆ" ಎಂದು ಹೇಳುತ್ತಾ ಬಂದಿದ್ದೆ. ನನಗೆ ಹಾಗೆ ಹೇಳಿಕೊಟ್ಟವರು ಚನ್ನಬಸಪ್ಪ ಮೇಷ್ಟ್ರು. ಅವರು ತೋರಿಸಿದ್ದು ಗೇಟಲ್ಲ, ನಮ್ಮ ತರಗತಿಯ ಕಿಟಕಿಯ ಸರಳು. ಮೇಲೆ ಹೆಬ್ಬೆರಳಿನಷ್ಟು ದಪ್ಪ, ಮಳೆ ನೀರು ನಿಲ್ಲುವ ಬುಡದಲ್ಲಿ ಕಿರುಬೆರಳಿನಷ್ಟು. ಕಣ್ಣಿಗೆ ಕಾಣುತ್ತಿದ್ದುದನ್ನು ತೂಗಿ ನೋಡಬೇಕೆಂದು ನಮಗಾರಿಗೂ ಅನಿಸಿರಲಿಲ್ಲ.

ಆ ಪತ್ರಿಕೆಯ ಹದಿನೇಳನೇ ಪ್ರಶ್ನೆಯ ಎದುರು ಏನೂ ಬರೆಯದೆ, ಆ ಬಂಡಲನ್ನು ಬಾಕಿ ಎಂದು ಪಕ್ಕಕ್ಕಿಟ್ಟೆ.

ನನ್ನ ಯಜಮಾನರು ರುದ್ರೇಶ್ ಭದ್ರಾವತಿಯ ಒಂದು ಖಾಸಗಿ ಷೆಡ್ಡಿನಲ್ಲಿ ಲೇತ್ ಆಪರೇಟರ್. ದೊಡ್ಡ ಕಾರ್ಖಾನೆಗಳಿಗೆ ಬೇಕಾದ ಬಿಡಿಭಾಗಗಳನ್ನು ತಿರುಗುವ ಯಂತ್ರದಲ್ಲಿ ಕೆತ್ತಿ ಕೊಡುವ ಕೆಲಸ. ಸಂಜೆ ಮನೆಗೆ ಬಂದು ಕೈ ತೊಳೆಯುತ್ತಿದ್ದವರನ್ನೇ ಕೇಳಿದೆ.

"ರೀ, ಕಬ್ಬಿಣದ ಚೂರಿಗೆ ತುಕ್ಕು ಹಿಡಿದ್ರೆ ತೂಕ ಜಾಸ್ತಿ ಆಗುತ್ತಾ, ಕಮ್ಮಿ ಆಗುತ್ತಾ?"

"ಜಾಸ್ತಿನೇ" ಎಂದರು ಅವರು, ಸೋಪು ಉಜ್ಜುತ್ತಾ. "ಅದಕ್ಕೇ ಗುಜರಿಯವ್ರು ತುಕ್ಕಾದ ಚೂರು ಅಂದ್ರೆ ರೇಟ್ ಕಮ್ಮಿ ಮಾಡ್ತಾರೆ. ನೀರು ಕುಡಿದಿರುತ್ತೆ ಅಂತಾರೆ."

"ನೀರು ಒಣಗಿದ ಮೇಲೆ?"

ಅವರು ನಲ್ಲಿ ನಿಲ್ಲಿಸಿದರು. "ಅದು ಗೊತ್ತಿಲ್ಲ. ಯಾರು ತೂಗಿ ನೋಡಿದ್ದಾರೆ?"

ಮರುದಿನ ಷೆಡ್ಡಿನಿಂದ ಬೀಡು ಕಬ್ಬಿಣದ ಪುಡಿ ತಂದುಕೊಟ್ಟರು. ಬೀಡು ಕಬ್ಬಿಣ ಲೇತಿನಲ್ಲಿ ಸುರುಳಿ ಸುರುಳಿಯಾಗಿ ಬರುವುದಿಲ್ಲ, ರವೆಯ ಹಾಗೆ ಉದುರುತ್ತದೆ. ಬೀದಿಯ ಕೊನೆಯ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಸರಿಯಾಗಿ ಅರ್ಧ ಕೆಜಿ ತೂಗಿಸಿಕೊಂಡೆ. ತುಕ್ಕು ಬೇಗ ಹಿಡಿಯಲೆಂದು ಎರಡು ಚಮಚ ಉಪ್ಪು ಕದಡಿದ ನೀರು ಚಿಮುಕಿಸಿ, ಅಗಲವಾದ ಸ್ಟೀಲ್ ತಟ್ಟೆಯಲ್ಲಿ ಹರವಿ ಟೆರೇಸಿನಲ್ಲಿಟ್ಟೆ. ಬೆಳಿಗ್ಗೆ ಹೋಗುವಾಗೊಮ್ಮೆ, ಸಂಜೆ ಬಂದಾಗೊಮ್ಮೆ ನೀರು. ಏಪ್ರಿಲ್ ಬಿಸಿಲಿಗೆ ಪುಡಿ ಮೊದಲು ಕಂದು, ಆಮೇಲೆ ಇಟ್ಟಿಗೆ ಬಣ್ಣಕ್ಕೆ ತಿರುಗಿತು. ಕ್ಯಾಂಪಿನ ನಾಲ್ಕನೆಯ ದಿನ ಬೆಳಿಗ್ಗೆ ನೀರು ಹಾಕದೆ ಸಂಜೆಯವರೆಗೆ ಒಣಗಿಸಿದೆವು. ಗಟ್ಟಿಯಾಗಿ ಹಪ್ಪಳದಂತೆ ಕೂತಿದ್ದುದನ್ನು ಒಂದು ಚೂರೂ ಬಿಡದೆ ಕೆರೆದು ಅದೇ ಅಂಗಡಿಗೆ ತೆಗೆದುಕೊಂಡು ಹೋದೆವು. ಐನೂರ ನಲವತ್ತು ಗ್ರಾಂ.

ಅಂಗಡಿಯವರು ತಕ್ಕಡಿಯನ್ನೇ ಅನುಮಾನಿಸಿ ಬಟ್ಟುಗಳನ್ನು ಬದಲಾಯಿಸಿ ಮತ್ತೆ ತೂಗಿದರು. ಅಷ್ಟೇ ಬಂತು. ರುದ್ರೇಶ್ ಮುಖ ನನಗಿಂತ ಹೆಚ್ಚು ಅರಳಿತ್ತು. "ಆ ಮಗು ಗೆದ್ದುಬಿಡ್ತಲ್ಲೇ" ಎಂದರು.

ನನಗೆ ಅಷ್ಟು ಖುಷಿಯಾಗಲಿಲ್ಲ. ಇದನ್ನೀಗ ಮೇಷ್ಟ್ರ ಮುಂದೆ ಇಡಬೇಕಿತ್ತು. ನಾಡಿದ್ದು ಕ್ಯಾಂಪಿನ ಕೊನೆಯ ದಿನ. ಅಂಕಗಳ ಪಟ್ಟಿ ಸೀಲಾಗಿ ಹೋದರೆ ಮತ್ತೆ ತೆರೆಯುವುದು ಕಷ್ಟ. ಹಾಲ್‌ನಲ್ಲಿ ಎಲ್ಲರ ಎದುರು "ಕೀ ತಪ್ಪು" ಎಂದು ಎದ್ದು ನಿಲ್ಲುವುದು ನನ್ನಿಂದ ಆಗದ ಮಾತು. ನನ್ನನ್ನು ಗೋಡೆಯ ಬೆಳಕಿನ ಕಡೆ ತಿರುಗಿಸಿದ ಮನುಷ್ಯ ಅವರು. ಮನೆಗೇ ಹೋಗೋಣ ಎಂದುಕೊಂಡೆ.

ಐದನೆಯ ದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟು, ಎಂಟು ಗಂಟೆಗೆ ಶಿವಮೊಗ್ಗದ ಹೊಸಮನೆಯಲ್ಲಿದ್ದ ಅವರ ಮನೆಯ ಬಾಗಿಲು ತಟ್ಟಿದೆ. ಮೇಷ್ಟ್ರು ಆಗಷ್ಟೇ ಪೂಜೆ ಮುಗಿಸಿ ಹಣೆಯ ಮೇಲೆ ವಿಭೂತಿ ಹಚ್ಚಿಕೊಂಡು ಬಂದಿದ್ದರು. ಅವರ ಶ್ರೀಮತಿ ಕಾಫಿ ತಂದರು. ನಾನು ಬ್ಯಾಗಿನಿಂದ ಪುಡಿಯ ಪೊಟ್ಟಣ ತೆಗೆದು ಟೀಪಾಯಿಯ ಮೇಲಿಟ್ಟು, ಮಗುವಿನ ಸಾಲುಗಳನ್ನು ಬರೆದುಕೊಂಡಿದ್ದ ಚೀಟಿ ಕೊಟ್ಟು, ನಡೆದದ್ದನ್ನೆಲ್ಲ ಹೇಳಿದೆ.

ಅವರು ಚೀಟಿಯನ್ನು ಎರಡು ಸಲ ಓದಿದರು. ಸಿಟ್ಟಾಗಲಿಲ್ಲ. ಪೊಟ್ಟಣ ಬಿಚ್ಚಿ ಪುಡಿಯನ್ನು ಬೆರಳಲ್ಲಿ ತಿಕ್ಕಿ ನೋಡಿದರು.

"ಉಪ್ಪು ಹಾಕಿದ್ದೆ ಅಂದ್ಯಲ್ಲ, ಎಷ್ಟು?"

"ಎರಡು ಚಮಚ, ಮೇಷ್ಟ್ರೇ."

"ನೀರು ಆರಿ ಹೋಯ್ತು. ಉಪ್ಪು ಎಲ್ಲಿ ಹೋಯ್ತಮ್ಮ?"

ನನ್ನ ಮುಖ ಬಿಸಿಯಾಯಿತು. ಉಪ್ಪು ಎಲ್ಲಿಗೂ ಹೋಗಿರಲಿಲ್ಲ, ಪುಡಿಯಲ್ಲೇ ಇತ್ತು. ನೀರು ಆವಿಯಾದರೆ ಕರಗಿದ ಉಪ್ಪು ಹಿಂದೆ ಉಳಿಯುತ್ತದೆಂದು ಐದನೇ ತರಗತಿಗೆ ಪಾಠ ಮಾಡುವವಳು ನಾನೇ.

"ಎರಡು ಚಮಚ ಅಂದ್ರೆ ಯಾವ ಚಮಚ?" ಎಂದು ಅಡುಗೆಮನೆಯ ಬಾಗಿಲಿನಿಂದಲೇ ಅವರ ಶ್ರೀಮತಿ ಕೇಳಿದರು. "ಕಾಫಿ ಚಮಚನೋ, ಊಟದ ಚಮಚನೋ?"

"ಊಟದ ಚಮಚ, ಅಮ್ಮ."

"ಹಾಗಾದ್ರೆ ಜಾಸ್ತಿನೇ ಆಯ್ತಲ್ಲ."

ಮೇಷ್ಟ್ರು ಸಣ್ಣಗೆ ನಕ್ಕರು. "ನಲವತ್ತು ಗ್ರಾಮಲ್ಲಿ ಉಪ್ಪಿಂದು ಎಷ್ಟು, ಒಳಗೆ ಉಳಿದ ತೇವದ್ದು ಎಷ್ಟು, ನಿಜವಾದ ತುಕ್ಕಿಂದು ಎಷ್ಟು? ಇದರಿಂದ ಹೇಳಕ್ಕಾಗಲ್ಲ ಗಿರಿಜಾ." ನಾನು ಪೊಟ್ಟಣ ಮಡಚತೊಡಗಿದೆ. ಅವರು ಕೈ ಅಡ್ಡ ಹಿಡಿದರು. "ತಪ್ಪು ಅಂತ ನಾನು ಹೇಳಲಿಲ್ಲ. ನೀರೂ ಬೇಡ, ಉಪ್ಪೂ ಬೇಡ, ಅಂಥ ಒಂದು ಪ್ರಯೋಗ ಮಾಡೋಣ. ತುಕ್ಕು ಹಿಡಿಯೋದು ಅಂದ್ರೇನು?"

ಇಪ್ಪತ್ತಮೂರು ವರ್ಷದ ಹಿಂದಿನ ವಿದ್ಯಾರ್ಥಿನಿಯ ಹಾಗೆ ಉತ್ತರ ಕೊಟ್ಟೆ. "ಕಬ್ಬಿಣ ಗಾಳಿಯಲ್ಲಿರೋ ಆಮ್ಲಜನಕದ ಜೊತೆ ಸೇರೋದು. ನೀರು ಇದ್ರೆ ಆಗುತ್ತೆ. ನಿಧಾನ ಬದಲಾವಣೆ."

"ಅದೇ ಸೇರೋದನ್ನ ಬೇಗ ಮಾಡಿಸ್ಬೇಕಾದ್ರೆ?"

"ಸುಡಬೇಕು."

"ಕಬ್ಬಿಣ ಸುಡುತ್ತಾ?"

"ಕೂದಲಿನಷ್ಟು ತೆಳ್ಳಗಿದ್ರೆ ಸುಡುತ್ತೆ ಮೇಷ್ಟ್ರೇ. ಎಳೆ ತೆಳ್ಳಗಾದಷ್ಟೂ ಗಾಳಿ ಚೆನ್ನಾಗಿ ತಾಗುತ್ತೆ."

"ಹುಡುಕು. ಸಂಜೆ ಕ್ಯಾಂಪ್ ಮುಗಿದ ಮೇಲೆ ಲ್ಯಾಬ್ ತೆಗೆಸ್ತೀನಿ."

ಆ ಮಧ್ಯಾಹ್ನ ಊಟಕ್ಕೆ ಬಿಟ್ಟಾಗ ನಾನೂ ಪರಿಮಳರೂ ಆಟೋ ಮಾಡಿಕೊಂಡು ಸವಳಂಗ ರಸ್ತೆಗೆ ಹೋದೆವು. ಮೊದಲ ಅಂಗಡಿಯವರು ಪಾತ್ರೆ ತಿಕ್ಕುವ ಬ್ರಷ್ ಕೊಟ್ಟರು. ಅದು ಸ್ಟೇನ್‌ಲೆಸ್, ತುಕ್ಕೂ ಹಿಡಿಯುವುದಿಲ್ಲ, ಸುಡುವುದೂ ಇಲ್ಲ. ಎರಡನೆಯ ಅಂಗಡಿಯಲ್ಲಿ ನಮ್ಮ ಮಾತೇ ಅರ್ಥವಾಗಲಿಲ್ಲ. ಕೊನೆಗೆ ಬಾಗಿಲು, ಮಂಚಗಳಿಗೆ ಪಾಲಿಷ್ ಹಾಕುವ ಸಾಮಾನಿನ ಅಂಗಡಿಯೊಂದರಲ್ಲಿ ಸ್ಟೀಲ್ ವುಲ್ ಸಿಕ್ಕಿತು. ಕಬ್ಬಿಣದ ನವಿರಾದ ಎಳೆಗಳ ಉಂಡೆ. ಮರ ಉಜ್ಜಿ ನುಣುಪು ಮಾಡಲು ಬಳಸುತ್ತಾರೆ. ಪರಿಮಳ ಅದನ್ನು ಬಿಸಿಲಿಗೆ ಹಿಡಿದು ನೋಡಿ, "ಜಡೆಗೆ ಸುತ್ತಿಕೊಳ್ಳೋ ಹಾಗಿದೆ" ಎಂದರು. ಊಟ ತಪ್ಪಿಹೋಯಿತು. ದಾರಿಯಲ್ಲಿ ಬಾಳೆಹಣ್ಣು ತಿಂದು ಮತ್ತೆ ಬೆಂಚಿಗೆ ಬಂದು ಕೂತೆವು.

ಸಂಜೆ ಐದು ಗಂಟೆಗೆ ಲ್ಯಾಬಿನಲ್ಲಿ ಮೂವರೇ ಇದ್ದೆವು. ಮೇಷ್ಟ್ರು ತಮ್ಮ ಕೈಯಾರೆ ಗಾಜಿನ ಪೆಟ್ಟಿಗೆಯ ತಕ್ಕಡಿಯ ಧೂಳು ಒರೆಸಿದರು. ಹಾಲಿನ ಪುಡಿ ಡಬ್ಬದ ಮುಚ್ಚಳವೊಂದನ್ನು ತಟ್ಟೆಯ ಮೇಲಿಟ್ಟು, ಕೆಳಗೆ ಬಿಸಿ ತಾಗದಿರಲೆಂದು ಹೆಂಚಿನ ಚೂರು ಇಟ್ಟು, ಅದೆಲ್ಲವನ್ನೂ ಮೊದಲು ಸರಿದೂಗಿಸಿಕೊಂಡರು. ಆಮೇಲೆ ಹತ್ತು ಗ್ರಾಂ ಎಳೆ. ಅದನ್ನು ಗಾಳಿಯಾಡುವಂತೆ ಬಿಡಿಸಿ ಬಿಡಿಸಿ ಹಕ್ಕಿಗೂಡಿನ ಹಾಗೆ ಹರಡಿಟ್ಟವರೂ ಅವರೇ. ಮುಳ್ಳು ನಡುವೆ ನಿಂತಿತು.

"ಕಡ್ಡಿ ಗೀರು."

ಉರಿಯುವ ಬೆಂಕಿಕಡ್ಡಿಯನ್ನು ಎಳೆಯ ಅಂಚಿಗೆ ಮುಟ್ಟಿಸಿದೆ. ಜ್ವಾಲೆ ಬರಲಿಲ್ಲ. ಕೆಂಪು ಕಿಡಿಗಳು ಎಳೆಯಿಂದ ಎಳೆಗೆ, ಇರುವೆಗಳ ಸಾಲಿನ ಹಾಗೆ ಸರಸರನೆ ಓಡಿದವು. ಒಳಗಿನವರೆಗೂ ಹೋಗಿ, ಇನ್ನೊಂದು ತುದಿಯಲ್ಲಿ ಹೊರಬಂದು, ನಂದಿದವು. ಬೆಳ್ಳಿಯ ಬಣ್ಣದ ಗೂಡು ಬೂದುಗಪ್ಪಾಯಿತು. ಮುಳ್ಳು ಅಲ್ಲಾಡುತ್ತಿತ್ತು. ಪರಿಮಳ ಮುಂದೆ ಬಗ್ಗಿದರು.

"ಈಗಲೇ ನೋಡಬೇಡಿ" ಎಂದರು ಮೇಷ್ಟ್ರು. "ಬಿಸಿ ಇದ್ದಾಗ ಸುತ್ತಲಿನ ಗಾಳಿ ಮೇಲಕ್ಕೇಳುತ್ತೆ, ತಟ್ಟೆನ ಎತ್ತಿ ಹಿಡಿಯುತ್ತೆ. ತಣ್ಣಗಾಗ್ಲಿ."

ಹತ್ತು ನಿಮಿಷ ಕಾದೆವು. ಅಷ್ಟು ಉದ್ದದ ಹತ್ತು ನಿಮಿಷ ನನ್ನ ನೆನಪಿನಲ್ಲಿ ಇಲ್ಲ. ಮೇಷ್ಟ್ರು ಸ್ಟೂಲಿನ ಮೇಲೆ ಕೂತು ಎರಡು ಕೈಗಳನ್ನೂ ಮೊಣಕಾಲ ಮೇಲಿಟ್ಟುಕೊಂಡಿದ್ದರು. ಆಮೇಲೆ ಎದ್ದು ತಕ್ಕಡಿಯ ಗುಂಡಿ ತಿರುಗಿಸಿದರು. ಸುಟ್ಟ ಎಳೆಯಿದ್ದ ತಟ್ಟೆ ನಿಧಾನವಾಗಿ ಕೆಳಗಿಳಿಯಿತು. ಇನ್ನೊಂದು ಕಡೆಗೆ ಒಂದು ಗ್ರಾಮಿನ ಬಟ್ಟು ಹಾಕಿದರು. ಸಾಲಲಿಲ್ಲ. ಚಿಮುಟದಲ್ಲಿ ಹಿಡಿದು ಇನ್ನೂರು ಮಿಲಿಗ್ರಾಂ, ನೂರು ಮಿಲಿಗ್ರಾಂ ತಗಡುಗಳನ್ನು ಇಟ್ಟರು. ಮುಳ್ಳು ನಡುವೆ ಬಂತು. ಹನ್ನೊಂದು ಗ್ರಾಂ ಮುನ್ನೂರು ಮಿಲಿಗ್ರಾಂ.

ಮೇಷ್ಟ್ರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿ, ಹಾಕಿಕೊಂಡು, ಮತ್ತೆ ಮುಳ್ಳು ನೋಡಿದರು.

"ಮೂವತ್ತನಾಲ್ಕು ವರ್ಷ ಹೇಳಿದೀನಿ ಗಿರಿಜಾ" ಎಂದರು. ಧ್ವನಿ ತುಂಬಾ ಮೆತ್ತಗಿತ್ತು. "ಆಮ್ಲಜನಕ ಬಂದು ಸೇರಿಕೊಳ್ಳುತ್ತೆ ಅಂತ ಒಂದು ವಾಕ್ಯ. ತೂಕ ಕಮ್ಮಿ ಆಗುತ್ತೆ ಅಂತ ಮುಂದಿನ ವಾಕ್ಯ. ಬಂದು ಸೇರಿದ್ರೆ ಕಮ್ಮಿ ಹೇಗಾಗುತ್ತೆ ಅಂತ ಒಂದ್ಸಲನೂ ಅನಿಸ್ಲಿಲ್ಲ ನೋಡು. ನಾನು ಕಿಟಕಿ ಸರಳು ನೋಡ್ದೆ. ಕೆಳಗೆ ಉದುರಿ ಮಳೇಲಿ ಹರಿದು ಹೋದ ಪುಡಿನ ಲೆಕ್ಕಕ್ಕೇ ಹಿಡೀಲಿಲ್ಲ. ಆ ಮಗು ಹಿಡೀತು."

ನನಗೆ ಅಳು ಬಂತು. "ನಾನೂ ಹನ್ನೊಂದು ವರ್ಷ ಹೇಳಿದೀನಿ ಮೇಷ್ಟ್ರೇ" ಎಂದೆ.

"ನೀನು ನನ್ನನ್ನ ನಂಬಿದೆ. ಅದು ನಿನ್ನ ತಪ್ಪಲ್ಲ" ಎಂದು ಹೇಳಿ, ಸ್ವಲ್ಪ ತಡೆದು, "ಪೂರ್ತಿ ನಿನ್ನದಲ್ಲ" ಎಂದು ತಿದ್ದಿಕೊಂಡರು. ಪರಿಮಳ ನಕ್ಕುಬಿಟ್ಟರು. ಮೇಷ್ಟ್ರೂ ನಕ್ಕರು. ಹಾಗಾಗಿ ಆ ಸಂಜೆ ಭಾರವಾಗಲಿಲ್ಲ.

ಅವರು ಮನಸ್ಸು ಮಾಡಿದ್ದರೆ ವಿಷಯವನ್ನು ಅಲ್ಲಿಗೇ ಮುಗಿಸಬಹುದಿತ್ತು. ಈ ಒಂದು ಪತ್ರಿಕೆಗೆ ತಮ್ಮ ವಿವೇಚನೆಯಲ್ಲಿ ಒಂದು ಅಂಕ ಕೊಟ್ಟು ಸಹಿ ಹಾಕುವ ಅಧಿಕಾರ ಅವರಿಗಿತ್ತು. ಯಾರಿಗೂ ತಿಳಿಯುತ್ತಿರಲಿಲ್ಲ. ಅದರ ಬದಲು ಮರುದಿನ ಬೆಳಿಗ್ಗೆ ಮೇಲಧಿಕಾರಿಗಳಿಗೆ ಫೋನ್ ಮಾಡಿ ಒಪ್ಪಿಗೆ ಪಡೆದು, ಹಾಲ್‌ಗೆ ಬಂದು, ಮೇಜಿನ ಮೇಲೆ ಡಸ್ಟರ್ ಬಡಿದರು. ಮೂವತ್ತು ಜನರೂ ತಲೆಯೆತ್ತಿದೆವು.

"ಹದಿನೇಳನೇ ಪ್ರಶ್ನೆ. ಕೀಯಲ್ಲಿರೋ ಉತ್ತರ ತಪ್ಪು. ಕೀ ಮಾಡಿದವನು ನಾನು."

ಹಿಂದಿನ ಬೆಂಚಿಗೂ ಕೇಳುವ ಹಾಗೆ, ಪಾಠ ಮಾಡುವ ದನಿಯಲ್ಲೇ ಹೇಳಿದರು. ಸುಟ್ಟ ಎಳೆಯ ಮುಚ್ಚಳವನ್ನು ಎತ್ತಿ ತೋರಿಸಿ, ಏನು ಮಾಡಿದೆವು, ತೂಕ ಎಷ್ಟು ಬಂತು ಎಂದು ವಿವರಿಸಿದರು. "ಜಾಸ್ತಿ" ಎಂದು ಬರೆದವರಿಗೆ ಒಂದು ಅಂಕ. "ಕಡಿಮೆ" ಎಂದು ಬರೆದವರಿಗೆ ಕೊಟ್ಟ ಅಂಕವನ್ನು ಹಿಂದೆ ತೆಗೆಯುವುದಿಲ್ಲ. ಅವರು ನಾವು ಹೇಳಿಕೊಟ್ಟದ್ದನ್ನು ಬರೆದಿದ್ದಾರೆ, ನಮ್ಮ ತಪ್ಪಿಗೆ ಮಕ್ಕಳಿಂದ ದಂಡ ವಸೂಲಿ ಮಾಡುವುದು ಬೇಡ, ಎಂದರು.

ಮಧ್ಯದ ಬೆಂಚಿನಿಂದ ಒಬ್ಬ ಹಿರಿಯ ಶಿಕ್ಷಕರು ಎದ್ದರು. ಅವರಿಗೆ ಮಧ್ಯಾಹ್ನದ ಬಸ್ಸಿಗೆ ಊರಿಗೆ ಹೋಗಬೇಕಿತ್ತು. "ಸಾರ್, ಒಂದು ಮಾರ್ಕಿಗೋಸ್ಕರ ಕಟ್ಟಿಟ್ಟ ಬಂಡಲ್ ಎಲ್ಲಾ ಬಿಚ್ಚಬೇಕಾ? ಐದು ದಿನದ ಕೆಲಸ ಸಾರ್."

"ನೀವು ಬಿಚ್ಚೋದು ಬೇಡ. ನಿಮ್ಮ ಕೆಲಸ ನೀವು ಸರಿಯಾಗೇ ಮಾಡಿದೀರಿ" ಎಂದರು ಮೇಷ್ಟ್ರು. "ತಪ್ಪು ನನ್ನದು. ನಾನು ಬಿಚ್ತೀನಿ."

ಹೇಳಿದವರು ಹಾಗೆಯೇ ಮೂಲೆಯಲ್ಲಿ ಜೋಡಿಸಿಟ್ಟಿದ್ದ ಬಂಡಲ್‌ಗಳ ಹತ್ತಿರ ಹೋಗಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಮೊದಲನೆಯದರ ಹುರಿಹಗ್ಗ ಬಿಚ್ಚತೊಡಗಿದರು. ನಾನೂ ಪರಿಮಳರೂ ಎದ್ದು ಹೋಗಿ ಅವರ ಪಕ್ಕ ಕೂತೆವು. ಆಮೇಲೆ ಒಬ್ಬೊಬ್ಬರಾಗಿ ಬಂದರು. ಊರಿಗೆ ಹೋಗಬೇಕಾಗಿದ್ದ ಹಿರಿಯರು ಪ್ಯಾಂಟು ಮಡಚಿಕೊಂಡು ನನ್ನೆದುರು ಕೂರುತ್ತಾ, "ಕೊಡಮ್ಮ ಒಂದು ಬಂಡಲ್ಲು, ಬಸ್ಸು ಸಂಜೆಗೂ ಇದೆ" ಎಂದರು. ಮೇಷ್ಟ್ರು ತಲೆಯೆತ್ತಲಿಲ್ಲ. ಹದಿನೇಳನೇ ಪ್ರಶ್ನೆಯ ಪುಟ ತಿರುವುತ್ತಲೇ ಇದ್ದರು. ಅವರ ಕಿವಿ ಕೆಂಪಾಗಿದ್ದುದು ನನಗೆ ಕಾಣಿಸಿತು.

ಎಲ್ಲಾ ಬಂಡಲ್‌ಗಳಲ್ಲಿ ಸೇರಿ "ಜಾಸ್ತಿ" ಎಂದು ಬರೆದಿದ್ದವರು ಹತ್ತೊಂಬತ್ತು ಮಕ್ಕಳು. ಬಹುಶಃ ಕೆಲವರು ಊಹಿಸಿ ಬರೆದಿರಬಹುದು. ಕಾರಣ ಬರೆದದ್ದು ಒಂದೇ ಮಗು. ಆ ಪತ್ರಿಕೆಯನ್ನು ನಾನು ಮೇಷ್ಟ್ರ ಕೈಗೆ ಕೊಟ್ಟೆ, ಅಂಕ ಅವರೇ ಹಾಕಲಿ ಎಂದು. ಅವರು ಮತ್ತೆ ನನಗೇ ಕೊಟ್ಟರು. "ನೀನು ತಿದ್ದಿದ ಪೇಪರ್. ನೀನೇ ಹಾಕು." ಒಂದು ಎಂದು ಬರೆದೆ. ಮೂವತ್ತನಾಲ್ಕನ್ನು ಹೊಡೆದು ಮೂವತ್ತೈದು ಮಾಡಿ, ಪಕ್ಕದಲ್ಲಿ ಸಹಿ ಮಾಡಿದೆ.

ಯಾರ ಮಗು, ಯಾವ ಶಾಲೆ, ಎಲ್ಲಿ ತೂಗಿ ನೋಡಿತು ಎಂದು ತಿಳಿಯುವ ಆಸೆ ನನಗಿತ್ತು. ಗುಜರಿ ಅಂಗಡಿಯವರ ಮನೆಯ ಮಗು ಇರಬೇಕೆಂದು ರುದ್ರೇಶ್ ಹೇಳುತ್ತಿದ್ದರು. ನಂಬರ್ ಹಿಡಿದು ಕೇಳಿದ್ದರೆ ಫಲಿತಾಂಶ ಬಂದ ಮೇಲೆ ಗೊತ್ತಾಗುತ್ತಿತ್ತು. ಕ್ಯಾಂಪ್ ಮುಗಿಸಿ ಗೇಟಿನವರೆಗೆ ನಡೆಯುವಾಗ ಮೇಷ್ಟ್ರನ್ನು ಕೇಳಿಯೂ ಕೇಳಿದೆ.

"ಬೇಡಮ್ಮ" ಎಂದರು. "ಹುಡುಕಿಕೊಂಡು ಹೋಗಿ ಬೆನ್ನು ತಟ್ಟಿದ್ರೆ ಖುಷಿ ಆಗೋದು ನಮಗೆ. ಆ ಮಗು ಒಂದು ಮಾರ್ಕ್ ದುಡಿದಿತ್ತು, ಬಂತು. ನಮ್ಮ ಕಥೆ ಕಟ್ಟಿಕೊಂಡು ಅದಕ್ಕೇನು?"

ಹಾಗಾಗಿ ಆ ಮಗು ಹೆಣ್ಣೋ ಗಂಡೋ ಎಂಬುದೂ ನನಗೆ ಇವತ್ತಿನವರೆಗೂ ತಿಳಿಯದು.

ಆದರೆ ನನಗೆ ಗೊತ್ತಿದ್ದ ಮಕ್ಕಳೂ ಇದ್ದರಲ್ಲ, ಹನ್ನೊಂದು ವರ್ಷದವರು. ಅವರಲ್ಲಿ ಎಷ್ಟು ಜನರನ್ನು ಹಿಡಿದು ಹೇಳಲಿ? ಆ ಬೇಸಿಗೆಯಲ್ಲೇ ಭದ್ರಾವತಿಯ ತರಕಾರಿ ಮಾರ್ಕೆಟ್ಟಿನಲ್ಲಿ ನನ್ನ ಹಳೆಯ ವಿದ್ಯಾರ್ಥಿನಿ ಸೆಲ್ವಿ ಸಿಕ್ಕಿದಳು, ಸೊಂಟದ ಮೇಲೆ ಮಗು ಕೂರಿಸಿಕೊಂಡು. ಬೀನ್ಸ್ ಆರಿಸುತ್ತಾ ನಾನು ಗಂಭೀರವಾಗಿ, "ಸೆಲ್ವಿ, ತುಕ್ಕಿನ ಪಾಠದಲ್ಲಿ ನಿಂಗೆ ತಪ್ಪು ಹೇಳಿಕೊಟ್ಟಿದ್ದೆ ಕಣೇ. ತೂಕ ಜಾಸ್ತಿ ಆಗುತ್ತೆ" ಎಂದೆ. ಅವಳು ಕಣ್ಣು ಬಿಟ್ಟು ನೋಡಿದಳು. "ಅಯ್ಯೋ ಮಿಸ್, ನಂಗೆ ಆ ಪಾಠನೇ ನೆನಪಿಲ್ಲ. ನೀವು ಲೀವ್ ಹಾಕ್ದಾಗ ನಾವು ಅತ್ತಿದ್ದು ನೆನಪಿದೆ" ಎಂದಳು. ಅಂದು ಮನೆಗೆ ಬರುವ ದಾರಿಯುದ್ದಕ್ಕೂ ಒಬ್ಬಳೇ ನಗುತ್ತಾ ಬಂದೆ.

ಜೂನ್‌ನಲ್ಲಿ ಶಾಲೆ ತೆರೆಯಿತು. ಬದಲಾವಣೆಗಳ ಪಾಠ ಆಗಸ್ಟಿಗೆ ಬರುತ್ತಿತ್ತು. ಮೇಷ್ಟ್ರಿಗೆ ಕಾಗದ ಬರೆದೆ. ಅವರು ಒಂದು ದಿನ ರಜೆ ಹಾಕಿ, ಬ್ಯಾಗಿನಲ್ಲಿ ಸ್ಟೀಲ್ ವುಲ್ ಇಟ್ಟುಕೊಂಡು, ಭದ್ರಾವತಿಗೆ ಬಂದರು. ನಮ್ಮ ಏಳನೇ ತರಗತಿಯ ಮೂವತ್ತೆಂಟು ಮಕ್ಕಳ ಮುಂದೆ ಅದೇ ಪ್ರಯೋಗ ಮಾಡಿದರು. ಕಿಡಿಗಳು ಓಡಿದಾಗ ಮಕ್ಕಳು ಬೆಂಚಿನ ಮೇಲೆ ಹತ್ತಿ ನಿಂತರು. ತಟ್ಟೆ ಕೆಳಗಿಳಿದಾಗ ಮುಂದಿನ ಸಾಲಿನ ಒಬ್ಬ ಹುಡುಗಿ ಕೇಳಿದಳು:

"ಸಾರ್, ಮತ್ತೆ ನಮ್ಮನೇಲಿ ಸೌದೆ ಸುಟ್ರೆ ಒಂದು ಹಿಡಿ ಬೂದಿನೇ ಉಳಿಯೋದಲ್ಲ? ಅದು ಯಾಕೆ ಕಮ್ಮಿ ಆಗುತ್ತೆ?"

ಮೇಷ್ಟ್ರ ಮುಖದಲ್ಲಿ ಆಗ ಕಂಡ ಸಂತೋಷವನ್ನು ನಾನು ಅದಕ್ಕಿಂತ ಮೊದಲಾಗಲೀ ಆಮೇಲಾಗಲೀ ನೋಡಿಲ್ಲ. ಅವಳ ಬೆಂಚಿನಲ್ಲೇ ಜಾಗ ಮಾಡಿಸಿಕೊಂಡು ಕೂತರು. "ಸೌದೆಯಿಂದ ಹೊಗೆ ಎಲ್ಲಿಗೆ ಹೋಗುತ್ತೆ ಪುಟ್ಟಿ? ಕಣ್ಣಿಗೆ ಕಾಣದ ಅನಿಲ ಎಷ್ಟು ಹೋಗುತ್ತೆ? ಅದನ್ನೆಲ್ಲ ಒಂದು ದೊಡ್ಡ ಡಬ್ಬದಲ್ಲಿ ಹಿಡಿದು ಬೂದಿ ಜೊತೆ ತೂಗಿದ್ರೆ ಏನಾಗಬಹುದು, ಹೇಳು ನೋಡೋಣ" ಎಂದರು. ವಸ್ತು ಎಲ್ಲಿಗೂ ಹೋಗುವುದಿಲ್ಲ, ಬೇರೆ ವಸ್ತುವಿನ ಜೊತೆ ಸೇರುತ್ತದೆ ಅಥವಾ ಬಿಡಿಸಿಕೊಳ್ಳುತ್ತದೆ ಎನ್ನುವ ದೊಡ್ಡ ಮಾತನ್ನು ಅವರು ಆ ಇಡೀ ಪಿರಿಯಡ್ಡಿನಲ್ಲಿ ಹೇಳಲೇ ಇಲ್ಲ. ಘಂಟೆ ಹೊಡೆಯುವ ಹೊತ್ತಿಗೆ ಮಕ್ಕಳೇ ಅಲ್ಲಿಗೆ 'ಹಾಗಿರಬೇಕು' ಎನ್ನುತ್ತಾ ಬಂದು ತಲುಪಿದ್ದರು.

ಅವರು ಮುಂದಿನ ವರ್ಷ ನಿವೃತ್ತರಾದರು. ನಾನು ಇನ್ನೂ ಇಪ್ಪತ್ತೈದು ವರ್ಷ ಪಾಠ ಮಾಡಿ 2023ರಲ್ಲಿ ನಿವೃತ್ತಳಾದೆ. ಈ ಕೆಲಸ ನನಗೆ ಕಲಿಸಿದ್ದರಲ್ಲಿ ಒಂದನ್ನು ಹೇಳಬೇಕೆಂದರೆ ಇದು: ಶಿಕ್ಷಕರು ತಪ್ಪು ಹೇಳುತ್ತಾರೆ, ಅದನ್ನು ತಪ್ಪಿಸಲಾಗದು. ಆದರೆ ತಪ್ಪನ್ನು ಯಾವ ದನಿಯಲ್ಲಿ ಹೇಳಿದ್ದೇವೋ ತಿದ್ದುಪಡಿಯನ್ನೂ ಅದೇ ದನಿಯಲ್ಲಿ ಹೇಳಬೇಕು. ತಪ್ಪನ್ನು ಇಡೀ ತರಗತಿಗೆ ಕೂಗಿ ಹೇಳಿ, ತಿದ್ದುಪಡಿಯನ್ನು ಒಂದು ಮಗುವಿನ ನೋಟ್‌ಬುಕ್ಕಿನಲ್ಲಿ ಸಣ್ಣಗೆ ಗೀಚಿದರೆ ಲೆಕ್ಕ ಸರಿಯಾಗುವುದಿಲ್ಲ.

ನನ್ನ ಸೇವೆಯ ಕೊನೆಯ ವಾರದಲ್ಲೂ ಇದು ಬಂತು. ಮೇಣದಬತ್ತಿ ಉರಿಯುವುದು ರಾಸಾಯನಿಕ ಬದಲಾವಣೆ ಎಂದಷ್ಟೇ ಸೋಮವಾರ ಬರೆಸಿದ್ದೆ. ಮೇಣ ಕರಗಿ ಕೆಳಗೆ ಹರಿದು ಮತ್ತೆ ಗಟ್ಟಿಯಾಗುವುದು ಭೌತ ಬದಲಾವಣೆ, ಒಂದೇ ಬತ್ತಿಯಲ್ಲಿ ಎರಡೂ ನಡೆಯುತ್ತವೆ. ಅದನ್ನು ಬಿಟ್ಟಿದ್ದೆ. ಕೊನೆಯ ದಿನ ಹಾರ, ಭಾಷಣ ಎಲ್ಲ ಮಧ್ಯಾಹ್ನಕ್ಕೆ ಇತ್ತು. ಬೆಳಿಗ್ಗೆಯ ಮೊದಲ ಪಿರಿಯಡ್ಡಿಗೆ ಹೋಗಿ, "ಮಕ್ಕಳೇ, ಸೋಮವಾರ ನಾನು ಬರೆಸಿದ್ದು ಪೂರ್ತಿ ಸರಿ ಇಲ್ಲ. ನೋಟ್ಸ್ ತೆಗೀರಿ" ಎಂದೆ.

ಯಾರೂ ಆಶ್ಚರ್ಯಪಡಲಿಲ್ಲ. ಪುಟಗಳು ತಿರುಗಿದವು. ಆಮೇಲೆ ಆ ಕೋಣೆಯ ತುಂಬ, ಎಲ್ಲ ಬೆಂಚುಗಳಿಂದ ಒಟ್ಟಿಗೆ, ರಬ್ಬರ್ ಉಜ್ಜುವ ಸದ್ದು ಕೇಳಿಸಿತು.